ಒಂದು ಕೃತಕ ಕೈಯನ್ನು ಬಿಚ್ಚಿ ನೋಡಿದಾಗ

ಮಾತು ಶುರು ಮಾಡುವ ಮೊದಲು ನೀವೆಲ್ಲ ಒಂದು ಸಣ್ಣ ಕೆಲಸ ಮಾಡಬೇಕು. ಎಡಗೈಯಿಂದ ನಿಮ್ಮ ಬಲ ಮುಂಗೈಯನ್ನು, ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವಿನ ಭಾಗವನ್ನು, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಸ್ವಲ್ಪ ಬಿಗಿಯಾಗಿ ಹಿಡಿದುಕೊಳ್ಳಿ. ಈಗ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿ. ಮೊದಲು ಕಿರುಬೆರಳು, ಆಮೇಲೆ ಉಂಗುರದ ಬೆರಳು, ಆಮೇಲೆ ನಡುಬೆರಳು. ಚರ್ಮದ ಕೆಳಗೆ ಏನೋ ಉಬ್ಬಿ ಇಳಿದ ಹಾಗೆ ಗೊತ್ತಾಗ್ತಾ ಇದೆ ಅಲ್ವಾ? ಬೆರಳು ಬದಲಾದಂತೆ ಉಬ್ಬುವ ಜಾಗವೂ ಸ್ವಲ್ಪ ಬದಲಾಗುತ್ತದೆ, ಗಮನಿಸಿ.

ಅಲ್ಲಿರುವುದು ನಿಮ್ಮ ಬೆರಳುಗಳ ಎಂಜಿನ್. ಅಂಗೈಯಲ್ಲಿ ಸಣ್ಣ ಸ್ನಾಯುಗಳಿವೆ ನಿಜ, ಆದರೆ ಗಟ್ಟಿಯಾಗಿ ಹಿಡಿಯುವ ಕೆಲಸದ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳ ತುದಿಯವರೆಗೆ ಹೋಗಿವೆ. ಎಂಜಿನ್ ಇಲ್ಲಿ, ಎಳೆತ ಅಲ್ಲಿ.

ಇದನ್ನು ಮೊದಲೇ ಯಾಕೆ ಮಾಡಿಸಿದೆ ಅಂದರೆ, ಮಣಿಕಟ್ಟಿನ ಹತ್ತಿರ ಕೈ ಕಳೆದುಕೊಂಡವರಲ್ಲಿ ಈ ಎಂಜಿನ್ ಹಾಗೇ ಉಳಿದಿರುತ್ತದೆ. ಅವರು ಮನಸ್ಸಿನಲ್ಲಿ ಮುಷ್ಟಿ ಕಟ್ಟಿದರೆ ಮಿದುಳಿನಿಂದ ಆಜ್ಞೆ ಹೊರಡುತ್ತದೆ, ನರದಲ್ಲಿ ಇಳಿದು ಬರುತ್ತದೆ, ಸ್ನಾಯು ಬಿಗಿಯುತ್ತದೆ. ಹಗ್ಗದ ಆ ತುದಿಯಲ್ಲಿ ಎಳೆಯಲು ಏನೂ ಇಲ್ಲ, ಅಷ್ಟೇ. ಸ್ನಾಯು ಬಿಗಿಯುವಾಗ ಒಂದು ಸಣ್ಣ ವಿದ್ಯುತ್ ಹುಟ್ಟುತ್ತದೆ. ಚರ್ಮದ ಮೇಲೆ ಅಳೆದರೆ ಅದು ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗದ ಆಸುಪಾಸು, ಹಲವು ಸಲ ಅದಕ್ಕಿಂತಲೂ ಕಡಿಮೆ. ಈ ಮೇಜಿನ ಮೇಲೆ ಇರುವ ಕೃತಕ ಕೈ ಕೇಳಿಸಿಕೊಳ್ಳುವುದು ಆ ವಿದ್ಯುತ್ತನ್ನು.

ನನಗೆ ಕೊಟ್ಟಿರುವ ವಿಷಯ "ವೈಜ್ಞಾನಿಕ ಸಂಶೋಧನೆಯಿಂದ ನಿಜವಾಗಿ ಏನು ಉಪಯೋಗ" ಅಂತ. ಈ ಪ್ರಶ್ನೆಗೆ ದೊಡ್ಡ ದೊಡ್ಡ ಮಾತಲ್ಲಿ ಉತ್ತರ ಕೊಡುವುದು ನನಗೆ ಇಷ್ಟವಿಲ್ಲ. ಅದರ ಬದಲು ಈ ಕೈಯನ್ನೇ ಒಂದೊಂದು ಭಾಗವಾಗಿ ಬಿಚ್ಚೋಣ. ಪ್ರತಿ ಭಾಗವನ್ನೂ ಹಿಡಿದು, ಇದು ಎಲ್ಲಿಂದ ಬಂತು, ಇದನ್ನು ಮೊದಲು ಕಂಡವರು ಏನು ಹುಡುಕುತ್ತಿದ್ದರು ಅಂತ ಕೇಳೋಣ.

ಮೊದಲು ಆ ವಿದ್ಯುತ್ತಿನ ಸುದ್ದಿ. 1780ರ ದಶಕದಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಲುಯಿಜಿ ಗಾಲ್ವಾನಿ ಕಪ್ಪೆಯ ಕಾಲುಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ಕೂತಿದ್ದ. ಸತ್ತ ಕಪ್ಪೆಯ ಕಾಲಿನ ನರಕ್ಕೆ ಲೋಹದ ಚಾಕು ತಾಗಿಸಿದಾಗ, ಪಕ್ಕದ ಯಂತ್ರದಲ್ಲಿ ಕಿಡಿ ಹಾರಿದರೆ, ಕಾಲು ಒದೆಯುತ್ತಿತ್ತು. ಪ್ರಾಣಿಯ ಒಳಗೇ ವಿದ್ಯುತ್ ಇದೆ ಅಂತ ಅವನು 1791ರಲ್ಲಿ ಬರೆದ. ಅದೇ ದೇಶದ ಅಲೆಸ್ಸಾಂಡ್ರೋ ವೋಲ್ಟಾ ಒಪ್ಪಲಿಲ್ಲ. ಎರಡು ಬೇರೆ ಬೇರೆ ಲೋಹ ತಾಗಿದ್ದರಿಂದ ವಿದ್ಯುತ್ ಬಂತು, ಕಪ್ಪೆಗೂ ಅದಕ್ಕೂ ಸಂಬಂಧ ಇಲ್ಲ ಅಂದ. ಅದನ್ನು ತೋರಿಸಲು ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಉಪ್ಪುನೀರಲ್ಲಿ ನೆನೆಸಿದ ಪದರ ಇಟ್ಟ. 1800ರಲ್ಲಿ ಜಗತ್ತಿಗೆ ಮೊದಲ ಬ್ಯಾಟರಿ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಜಗಳದಲ್ಲಿ ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಆದರೆ ಈ ಕೃತಕ ಕೈಗೆ ಸುದ್ದಿ ಬರುವುದು ಗಾಲ್ವಾನಿ ಹೇಳಿದ ಸ್ನಾಯುವಿನ ವಿದ್ಯುತ್ತಿನಿಂದ, ಇದರ ಮೋಟಾರು ತಿರುಗುವುದು ವೋಲ್ಟಾ ಕಂಡುಹಿಡಿದ ಬ್ಯಾಟರಿಯ ವಂಶದಿಂದ. ಒಂದೇ ಕಪ್ಪೆಯ ಕಾಲಿನ ಮೇಲೆ ನಡೆದ ಒಂದು ವಾದ, ಅದರ ಎರಡೂ ಪಕ್ಷ ಇವತ್ತು ಒಂದೇ ಕೈಯೊಳಗೆ ಕೂತಿವೆ. ಆಗ ಯಾರಾದರೂ ಹೋಗಿ "ಸ್ವಾಮಿ, ಕಪ್ಪೆ ಕಾಲು ಒದ್ದರೆ ನಮಗೇನು ಲಾಭ" ಅಂತ ಕೇಳಿದ್ದರೆ ಇಬ್ಬರಲ್ಲಿ ಯಾರೂ ಕೃತಕ ಕೈ ಅಂತ ಹೇಳುತ್ತಿರಲಿಲ್ಲ.

ಆಮೇಲೆ ಬರ್ಲಿನ್ನಿನ ಎಮಿಲ್ ಡು ಬುವಾ ರೇಮೋಂ. ಮನುಷ್ಯ ತಾನಾಗಿ ತೋಳು ಬಿಗಿ ಮಾಡಿದರೂ ವಿದ್ಯುತ್ ಹುಟ್ಟುತ್ತದೆಯೇ ಅನ್ನುವುದು ಅವನ ಪ್ರಶ್ನೆ. ಅದಕ್ಕಾಗಿ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ತುಂಬ ಸೂಕ್ಷ್ಮವಾದ ಒಂದು ಮೀಟರ್ ಮಾಡಿಕೊಂಡ. ಎರಡು ಕೈಯ ಬೆರಳುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ, ಒಂದು ತೋಳನ್ನು ಬಿಗಿದ. ಮುಳ್ಳು ಅಲುಗಿತು, ಆದರೆ ತೀರಾ ಸ್ವಲ್ಪ. ಚರ್ಮ ಅಡ್ಡ ಬರುತ್ತಿದೆ ಅಂತ ಗೊತ್ತಾದಾಗ ತೋಳಿನ ಮೇಲೆ ಬೊಬ್ಬೆ ಎಬ್ಬಿಸಿಕೊಂಡು, ಅಲ್ಲಿನ ಚರ್ಮ ತೆಗೆದು ಮತ್ತೆ ಅಳೆದ. ಈ ಸಲ ಮುಳ್ಳು ಚೆನ್ನಾಗಿ ಹೊರಳಿತು. ಇದು 1849ರ ಹೊತ್ತಿನ ಮಾತು. ಇವತ್ತು ಸಾಕೆಟ್ಟಿನ, ಅಂದರೆ ಉಳಿದ ತೋಳು ಕೂರುವ ಬಟ್ಟಲಿನ ಒಳಗೆ, ಚರ್ಮಕ್ಕೆ ತಾಗುವ ಹಾಗೆ ಎರಡು ಸಣ್ಣ ಲೋಹದ ಬಿಲ್ಲೆ ಇಡುತ್ತೇವೆ, ಅಷ್ಟರಲ್ಲಿ ಅದೇ ಕೆಲಸ ಆಗುತ್ತದೆ. ಆದರೂ ಬೇಸಿಗೆಯಲ್ಲಿ ಬೆವರು ಬಂದು ಸುದ್ದಿ ಕೆಟ್ಟಾಗಲೆಲ್ಲ ನನಗೆ ಆ ಮನುಷ್ಯನ ನೆನಪು ಬರುತ್ತದೆ. ಚರ್ಮದ ತೊಂದರೆ ಅವನಿಗೂ ಇತ್ತು, ನಮಗೂ ಇದೆ.

ಈ ವಿದ್ಯುತ್ತಿನಿಂದ ಕೃತಕ ಕೈ ಆಡಿಸಬಹುದು ಅಂತ 1940ರ ದಶಕದಲ್ಲಿ ಜರ್ಮನಿಯ ರೈನ್‌ಹೋಲ್ಡ್ ರೈಟರ್ ಮಾಡಿ ತೋರಿಸಿದ. ಕೆಲಸ ಮಾಡಿತು. ಆದರೆ ಆಗ ಇದ್ದದ್ದು ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಲು ದಪ್ಪ ಗಾಜಿನ ವಾಲ್ವುಗಳನ್ನು ಬಳಸುತ್ತಿದ್ದ ಕಾಲ. ಹೊತ್ತುಕೊಂಡು ಓಡಾಡುವ ಹಾಗಿರಲಿಲ್ಲ. ಅದೇ ಹೊತ್ತಿಗೆ, 1947ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ವಾಲ್ವಿನ ಕೆಲಸವನ್ನೇ ಮಾಡುವ ಪುಟ್ಟ ಟ್ರಾನ್ಸಿಸ್ಟರ್ ಹುಟ್ಟಿತು. ಅವರಿಗೆ ಬೇಕಾಗಿದ್ದದ್ದು ಟೆಲಿಫೋನಿಗೆ ಒಳ್ಳೆಯ ಬಿಡಿಭಾಗ. 1960ರ ಸುಮಾರಿಗೆ ಸೋವಿಯತ್ ಒಕ್ಕೂಟದಲ್ಲಿ ಅಲೆಕ್ಸಾಂಡರ್ ಕೊಬ್ರಿನ್‌ಸ್ಕಿ ಮತ್ತು ಜೊತೆಗಾರರು ಅದೇ ಟ್ರಾನ್ಸಿಸ್ಟರ್ ಹಾಕಿ, ಮೈಮೇಲೆ ಹೊತ್ತುಕೊಂಡು ತಿರುಗಬಹುದಾದ ಕೈ ಮಾಡಿದರು. ಉಳಿದ ಭಾಗಗಳ ಕತೆಯೂ ಹೀಗೇ. ಬೆರಳಿಗೆ ಬೇಕಾದಷ್ಟು ಸಣ್ಣ ಮೋಟಾರು ಸಾಧ್ಯವಾದದ್ದು 1980ರ ದಶಕದ ನಿಯೋಡಿಮಿಯಮ್ ಆಯಸ್ಕಾಂತದಿಂದ. ಹಗುರ ಬ್ಯಾಟರಿ ಬಂದದ್ದು ಲೀಥಿಯಂ ಅಯಾನ್ ಸಂಶೋಧನೆಯಿಂದ, ಅದಕ್ಕೆ 2019ರಲ್ಲಿ ನೊಬೆಲ್ ಕೂಡ ಸಿಕ್ಕಿತು. ಈ ಟ್ರಾನ್ಸಿಸ್ಟರ್, ಆಯಸ್ಕಾಂತ, ಬ್ಯಾಟರಿ ಮಾಡಿದವರಲ್ಲಿ ಯಾರೂ ಕೈ ಇಲ್ಲದವರಿಗಾಗಿ ಅಂತ ಹೊರಟವರಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೃತಕ ಕೈಕಾಲಿನ ದೊಡ್ಡ ತಲೆನೋವು ಮೋಟಾರೂ ಅಲ್ಲ, ಕಂಪ್ಯೂಟರೂ ಅಲ್ಲ. ಅದನ್ನು ಮೈಗೆ ಹೇಗೆ ಸೇರಿಸುವುದು ಅನ್ನುವುದು. ಸಾಮಾನ್ಯವಾಗಿ ಉಳಿದ ತೋಳಿಗೋ ಕಾಲಿಗೋ ಸರಿಯಾಗಿ ಕೂರುವ ಬಟ್ಟಲಿನಂಥ ಒಂದು ಸಾಕೆಟ್ ಮಾಡುತ್ತಾರೆ. ಮೈತೂಕವೆಲ್ಲ ಮೆತ್ತಗಿನ ಮಾಂಸದ ಮೇಲೆ ಬೀಳುತ್ತದೆ. ಬೆವರು, ಉಜ್ಜಿ ಆದ ಹುಣ್ಣು, ಬೆಳಗ್ಗೆ ಸರಿ ಇದ್ದದ್ದು ಸಂಜೆ ಸಡಿಲ. ನೀವು ಅಳತೆಗೆ ಸರಿಯಿಲ್ಲದ ಶೂ ಹಾಕಿಕೊಂಡು ದಿನವಿಡೀ ನಡೆದಿದ್ದೀರಲ್ಲ, ಅದನ್ನು ಹತ್ತು ಪಟ್ಟು ಮಾಡಿ, ಪ್ರತಿದಿನ ಮಾಡಿ.

1952ರ ಸುಮಾರಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಅನ್ನುವ ತರುಣ ಸಂಶೋಧಕ ಮೊಲದ ಎಲುಬಿನಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ನೋಡುತ್ತಿದ್ದ. ನೋಡಲು ಕಿಟಕಿ ಬೇಕಲ್ಲ, ಅದಕ್ಕೆ ಟೈಟೇನಿಯಂ ಲೋಹದ ಒಂದು ಪುಟ್ಟ ಕೊಳವೆಯೊಳಗೆ ಮಸೂರ ಇಟ್ಟು, ಅದನ್ನು ಎಲುಬಿನೊಳಗೆ ಕೂರಿಸಿದ್ದ. ಜೀವಂತ ಎಲುಬಿನ ಒಳಗೆ ರಕ್ತಕಣ ಓಡಾಡುವುದು ಕಾಣುತ್ತಿತ್ತು. ಪ್ರಯೋಗ ಮುಗಿಯಿತು. ಕಿಟಕಿಯನ್ನು ತೆಗೆದು ಇನ್ನೊಂದು ಪ್ರಯೋಗಕ್ಕೆ ಬಳಸೋಣ ಅಂತ ಹೋದರೆ ಬರಲಿಲ್ಲ. ಎಲುಬು ಲೋಹದ ಮೈಗೇ ಅಂಟಿಕೊಂಡು ಬೆಳೆದುಬಿಟ್ಟಿತ್ತು.

ಅಲ್ಲಿ ಇನ್ನೊಬ್ಬರಾಗಿದ್ದರೆ ಸಿಟ್ಟು ಮಾಡಿಕೊಂಡು ಆ ಕೊಳವೆಯನ್ನು ಪಕ್ಕಕ್ಕೆ ಎಸೆದು ಮುಂದೆ ಹೋಗಬಹುದಿತ್ತು. ದೇಹ ಹೊರಗಿನ ವಸ್ತುವನ್ನು ಒಪ್ಪುವುದಿಲ್ಲ ಅಂತಲೇ ಆಗ ಎಲ್ಲರೂ ನಂಬಿದ್ದರು. ಬ್ರೋನೆಮಾರ್ಕ್ ಮಾತ್ರ, ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಯನ್ನೇ ಹಿಡಿದುಕೊಂಡ. 1965ರಲ್ಲಿ ಒಬ್ಬ ಮನುಷ್ಯನ ದವಡೆ ಎಲುಬಿಗೆ ಟೈಟೇನಿಯಂ ಬೇರು ಕೂರಿಸಿ ಅದರ ಮೇಲೆ ಹಲ್ಲು ಕಟ್ಟಿದ. ಇವತ್ತು ದಂತವೈದ್ಯರು "ಇಂಪ್ಲಾಂಟ್ ಹಾಕೋಣ" ಅನ್ನುತ್ತಾರಲ್ಲ, ಅದರ ಮೂಲ ಆ ಮೊಲದ ಕಾಲು. ಅವನ ಮಾತನ್ನು ವೈದ್ಯ ಲೋಕ ಒಪ್ಪಲು ವರ್ಷಗಳೇ ಹಿಡಿದವು. ಆಮೇಲೆ 1990ರಲ್ಲಿ ಅವನ ಮಗ ರಿಕಾರ್ಡ್ ಬ್ರೋನೆಮಾರ್ಕ್, ತೊಡೆಯಿಂದ ಕೆಳಗೆ ಕಾಲು ಕಳೆದುಕೊಂಡವರ ತೊಡೆ ಎಲುಬಿಗೇ ಟೈಟೇನಿಯಂ ಕಂಬಿ ಕೂರಿಸಿದ. ಕಂಬಿಯ ತುದಿ ಚರ್ಮ ದಾಟಿ ಹೊರಗೆ ಬರುತ್ತದೆ, ಕೃತಕ ಕಾಲನ್ನು ಅದಕ್ಕೆ ಸಿಕ್ಕಿಸುವುದು. ಸಾಕೆಟ್ಟೇ ಬೇಡ.

ಇದನ್ನು ಹಾಕಿಸಿಕೊಂಡವರು ಇನ್ನೊಂದು ಮಾತು ಹೇಳುತ್ತಾರೆ. ಕಾಲ ಕೆಳಗೆ ಇರುವುದು ಹುಲ್ಲೋ, ಕಲ್ಲೋ, ಮರದ ನೆಲವೋ ಅನ್ನುವುದು ಸ್ವಲ್ಪ ತಿಳಿಯುತ್ತದಂತೆ. ನೆಲದ ಅದುರು ಎಲುಬಿನ ಮೂಲಕ ಮೇಲೆ ಬರುತ್ತದೆ. ಕಂಬಿ ಚರ್ಮ ದಾಟುವ ಜಾಗದಲ್ಲಿ ಸೋಂಕಿನ ಭಯ ಇದ್ದೇ ಇದೆ, ಎಲ್ಲರಿಗೂ ಇದು ಹೊಂದುವುದೂ ಇಲ್ಲ. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ. ಆದರೂ ಮೊಲದ ರಕ್ತ ನೋಡಲು ಮಾಡಿದ ಕಿಟಕಿ ಮನುಷ್ಯನ ಕಾಲಿಗೆ ನೆಲದ ಸುದ್ದಿ ಮುಟ್ಟಿಸಿತು ಅನ್ನುವುದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಅದು ಹಳೆಯದಾಗಿಲ್ಲ.

ಸರಿ, ಮುಂದಿನ ತೊಡಕು. ಮಣಿಕಟ್ಟಿನಲ್ಲಿ ಕೈ ಹೋದರೆ ಮುಂಗೈ ಸ್ನಾಯು ಇದೆ ಅಂದೆ. ಭುಜದಿಂದಲೇ ತೋಳು ಹೋದರೆ? ಬೆರಳಿನ ಸ್ನಾಯು ಇಲ್ಲ, ಮೊಣಕೈ ಸ್ನಾಯು ಇಲ್ಲ. ಸುದ್ದಿ ಹಿಡಿಯುವುದು ಎಲ್ಲಿಂದ?

ಶಿಕಾಗೋದ ವೈದ್ಯ ಮತ್ತು ಎಂಜಿನಿಯರ್ ಟಾಡ್ ಕೈಕೆನ್ ಇದರ ಬಗ್ಗೆ ವಿದ್ಯಾರ್ಥಿಯಾಗಿದ್ದಾಗಲೇ ಯೋಚಿಸಲು ಶುರು ಮಾಡಿದ್ದ. ಕೈಗೆ ಹೋಗಬೇಕಾದ ನರಗಳು ಭುಜದ ಹತ್ತಿರ ತುಂಡಾಗಿ ನಿಂತಿವೆ, ಆದರೆ ಸತ್ತಿಲ್ಲ. ಅವುಗಳಲ್ಲಿ ಆಜ್ಞೆ ಈಗಲೂ ಹರಿಯುತ್ತಿದೆ. ನರದ ಸುದ್ದಿ ತೀರಾ ಸಣ್ಣದು, ನೇರವಾಗಿ ಹಿಡಿಯುವುದು ಕಷ್ಟ. ಆದರೆ ಆ ನರವನ್ನು ಬೇರೆ ಯಾವುದಾದರೂ ಸ್ನಾಯುವಿಗೆ ನೆಟ್ಟರೆ? ಸ್ನಾಯು ಅದನ್ನು ದೊಡ್ಡದು ಮಾಡಿ ಹೇಳುತ್ತದೆ, ಧ್ವನಿವರ್ಧಕದ ಹಾಗೆ. ಇಲಿಗಳಲ್ಲಿ ಪ್ರಯೋಗ ಮಾಡಿದರು. 2002ರಲ್ಲಿ, ವಿದ್ಯುತ್ ಲೈನಿನ ಕೆಲಸದಲ್ಲಿ ಶಾಕ್ ಹೊಡೆದು ಎರಡೂ ತೋಳು ಕಳೆದುಕೊಂಡಿದ್ದ ಒಬ್ಬರಿಗೆ ಈ ಶಸ್ತ್ರಚಿಕಿತ್ಸೆ ಆಯಿತು. ತೋಳಿನ ನರಗಳನ್ನು ಎದೆಯ ಸ್ನಾಯುವಿಗೆ ಕೂರಿಸಿದರು. ತೋಳೇ ಇಲ್ಲದ ಮೇಲೆ ಆ ಸ್ನಾಯುವಿಗೂ ಹೆಚ್ಚು ಕೆಲಸ ಇರಲಿಲ್ಲ.

ಕೆಲವು ತಿಂಗಳು ಕಳೆದವು. ನರ ಬೇರು ಬಿಟ್ಟಿತು. ಆತ ಮನಸ್ಸಿನಲ್ಲಿ ಕೈ ಮುಚ್ಚಿದರೆ ಎದೆಯ ಒಂದು ಭಾಗ ಅದುರುತ್ತಿತ್ತು, ಮೊಣಕೈ ಮಡಚಿದರೆ ಇನ್ನೊಂದು ಭಾಗ. ಎದೆಯ ಮೇಲೆ ಬಿಲ್ಲೆಗಳನ್ನಿಟ್ಟು ಅದನ್ನು ಹಿಡಿದು ರೋಬೋ ತೋಳಿಗೆ ಕೊಟ್ಟರು. ಯೋಚಿಸಿದ ಹಾಗೆ ತೋಳು ಆಡಿತು. ಗದ್ದದಿಂದ ಬಟನ್ ಒತ್ತಬೇಕಿಲ್ಲ, ಭುಜ ಕುಣಿಸಬೇಕಿಲ್ಲ.

ಇಷ್ಟು ಯೋಜನೆಯಲ್ಲಿ ಇತ್ತು. ಯೋಜನೆಯಲ್ಲಿ ಇಲ್ಲದ್ದು ಒಂದು ನಡೆಯಿತು. ಎದೆಯ ಚರ್ಮವನ್ನು ಯಾರಾದರೂ ಮುಟ್ಟಿದರೆ ಆತನಿಗೆ ಕೈಯನ್ನು ಮುಟ್ಟಿದ ಹಾಗೆ ಆಗುತ್ತಿತ್ತು. ಎದೆ ಮೇಲೆ ಒಂದು ಕಡೆ ಒತ್ತಿದರೆ ಇಲ್ಲದ ಕೈಯ ಒಂದು ಜಾಗ, ಸ್ವಲ್ಪ ಪಕ್ಕಕ್ಕೆ ಒತ್ತಿದರೆ ಇನ್ನೊಂದು ಜಾಗ. ನರದಲ್ಲಿ ಆಜ್ಞೆ ಇಳಿಯುವ ಎಳೆಗಳ ಜೊತೆ ಸ್ಪರ್ಶ ಹತ್ತುವ ಎಳೆಗಳೂ ಇರುತ್ತವೆ, ಅವು ಮೇಲಿನ ಚರ್ಮಕ್ಕೂ ಹಬ್ಬಿಕೊಂಡಿದ್ದವು. ಮಿದುಳಿಗೆ ಮಾತ್ರ ಅದು ಹಳೆಯ ಕೈಯೇ.

ಇನ್ನೂ ಒಂದು ಇದೆ. ತುಂಡಾದ ನರದ ತುದಿ ಸುಮ್ನೆ ಇರುವುದಿಲ್ಲ. ದಾರಿ ಕಾಣದೆ ಬೆಳೆದು ಗಂಟು ಕಟ್ಟುತ್ತದೆ, ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಅದರ ಜೊತೆಗೆ ಇಲ್ಲದ ಕೈಯಲ್ಲೂ ನೋವು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳನ್ನು ನೋಡಿದ ವೈದ್ಯ ಸೈಲಸ್ ವೇರ್ ಮಿಚೆಲ್ ಇದಕ್ಕೆ 1870ರ ದಶಕದ ಆರಂಭದಲ್ಲೇ "ಭೂತ ಅಂಗ" ಅನ್ನುವ ಅರ್ಥದ ಹೆಸರು ಕೊಟ್ಟಿದ್ದ. ಕೈಕೆನ್ ತಂಡದ ಶಸ್ತ್ರಚಿಕಿತ್ಸೆ ಆದವರಲ್ಲಿ ಈ ನೋವು ಕಡಿಮೆಯಾಗುವುದು ಕಂಡಿತು. ನರಕ್ಕೆ ಹೋಗಲು ಒಂದು ಜಾಗ ಸಿಕ್ಕಿತಲ್ಲ. ಈಗ ಎಷ್ಟೋ ಕಡೆ ರೋಬೋ ತೋಳಿನ ಮಾತೇ ಇಲ್ಲದೆ, ನೋವು ಬಾರದಿರಲಿ ಅಂತಲೇ ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ರೋಬೋ ತೋಳು ಹಾಕಿಕೊಳ್ಳುವವರಿಗಿಂತ ಇದರಿಂದ ರಾತ್ರಿ ನಿದ್ದೆ ಬಂದವರೇ ಜಾಸ್ತಿ ಇರಬಹುದು ಅಂತ ನನ್ನ ಅಂದಾಜು. ಕೈ ಆಡಿಸಲು ಹೊರಟ ಸಂಶೋಧನೆ ನೋವು ಕಡಿಮೆ ಮಾಡಿತು.

ಮುಟ್ಟಿದ್ದು ತಿಳಿಯುವುದು ಎಷ್ಟು ಮುಖ್ಯ ಅಂತ ನಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಅದು ಯಾವತ್ತೂ ಕೈಬಿಟ್ಟಿಲ್ಲ. ಚಳಿಗೆ ಬೆರಳು ಮರಗಟ್ಟಿದಾಗ ಅಂಗಿಯ ಗುಂಡಿ ಹಾಕಿ ನೋಡಿ. ಬೆರಳು ಆಡುತ್ತದೆ, ಆದರೆ ಗುಂಡಿ ಎಲ್ಲಿದೆ ಅಂತ ತಿಳಿಯುವುದಿಲ್ಲ. ಈ ಮೇಜಿನ ಮೇಲಿನ ಕೈಯನ್ನು ಹಾಕಿಕೊಂಡವರ ಪಾಡು ಇಡೀ ದಿನ ಹಾಗೇ. ಕಾಗದದ ಲೋಟ ಹಿಡಿಯಬೇಕಾದರೆ ಲೋಟದಿಂದ ಕಣ್ಣು ತೆಗೆಯುವ ಹಾಗಿಲ್ಲ. ಮಾತಾಡುತ್ತ ಸ್ವಲ್ಪ ಆ ಕಡೆ ನೋಡಿದರೆ ಲೋಟ ಜಜ್ಜಿ ಹೋಗುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಡಸ್ಟಿನ್ ಟೈಲರ್ ತಂಡ ಮುಂಗೈಯಲ್ಲಿ ಉಳಿದ ನರಗಳ ಸುತ್ತ ಪುಟ್ಟ ಪಟ್ಟಿಗಳನ್ನು ಕಟ್ಟಿ, ಕೃತಕ ಬೆರಳಿನ ಸೆನ್ಸರ್ ಒತ್ತಿದಾಗ ನರಕ್ಕೆ ಸಣ್ಣ ಮಿಡಿತ ಹೋಗುವ ಹಾಗೆ ಮಾಡಿತು. ಪರೀಕ್ಷೆ ಏನು ಗೊತ್ತಾ? ಚೆರ್ರಿ ಹಣ್ಣನ್ನು ಕೃತಕ ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಅದರ ತೊಟ್ಟು ಕೀಳುವುದು. ಸಡಿಲ ಹಿಡಿದರೆ ಹಣ್ಣು ಜಾರುತ್ತದೆ, ಬಿಗಿ ಹಿಡಿದರೆ ಅಪ್ಪಚ್ಚಿ. ಸ್ಪರ್ಶ ಇಲ್ಲದಾಗ ಎಷ್ಟೋ ಹಣ್ಣು ಹಾಳಾದವು. ಸ್ಪರ್ಶ ಕೊಟ್ಟಾಗ, ಅದೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ, ತೊಟ್ಟು ಮಾತ್ರ ಬಂತು, ಹಣ್ಣು ಉಳಿಯಿತು. ಇದು 2014ರಲ್ಲಿ ಪ್ರಕಟವಾದ ಕೆಲಸ. ಈ ಪರೀಕ್ಷೆ ಯಾರಿಗೆ ಹೊಳೆಯಿತೋ, ಅವರ ಮೇಲೆ ನನಗೆ ತುಂಬ ಗೌರವ. ಎಷ್ಟು ಕೆಜಿ ಎತ್ತಿತು ಅಂತ ಅಳೆಯುವುದು ಸುಲಭ, ಎಷ್ಟು ಮೃದುವಾಗಿ ಹಿಡಿಯಿತು ಅಂತ ಅಳೆಯುವುದಕ್ಕೆ ತಲೆ ಬೇಕು.

ಕಾಲಿನ ಬಗ್ಗೆ ಹೇಳದಿದ್ದರೆ ಅನ್ಯಾಯ ಆಗುತ್ತದೆ, ಯಾಕೆಂದರೆ ಜಗತ್ತಿನಲ್ಲಿ ಕೈ ಕಳೆದುಕೊಂಡವರಿಗಿಂತ ಕಾಲು ಕಳೆದುಕೊಂಡವರೇ ಹೆಚ್ಚು, ಅದಕ್ಕೆ ಸಕ್ಕರೆ ಕಾಯಿಲೆ ಒಂದು ದೊಡ್ಡ ಕಾರಣ. 1982ರಲ್ಲಿ 17 ವರ್ಷದ ಹ್ಯೂ ಹರ್ ಪರ್ವತ ಹತ್ತಲು ಹೋಗಿ ಹಿಮದಲ್ಲಿ ಸಿಕ್ಕಿಹಾಕಿಕೊಂಡು ಎರಡೂ ಕಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡ. ಅವನನ್ನು ಹುಡುಕಲು ಹೋದ ಸ್ವಯಂಸೇವಕರೊಬ್ಬರು ಹಿಮ ಕುಸಿದು ತೀರಿಕೊಂಡರು. ಆಮೇಲೆ ಅವನು ಓದಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿ, ತನ್ನ ಕಾಲನ್ನು ತಾನೇ ವಿನ್ಯಾಸ ಮಾಡತೊಡಗಿದ. ನಾವು ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಮೀನಖಂಡ ನೆಲವನ್ನು ಹಿಂದಕ್ಕೆ ತಳ್ಳುತ್ತದೆ. ಸಾಮಾನ್ಯ ಕೃತಕ ಪಾದ ಆ ಬಲ ಕೊಡಲಾರದು, ಸ್ಪ್ರಿಂಗಿನ ಹಾಗೆ ತುಳಿದಷ್ಟನ್ನು ಮಾತ್ರ ಹಿಂದೆ ಕೊಡುತ್ತದೆ. ಹಾಗಾಗಿ ಬೇಗ ಸುಸ್ತಾಗುತ್ತದೆ. ಹರ್ ತಂಡ ಪಾದದ ಕೀಲಿಗೇ ಮೋಟಾರು ಇಟ್ಟು ಆ ತಳ್ಳುವಿಕೆಯನ್ನು ವಾಪಸ್ ತಂದಿತು.

ಆ ತಂಡದ ಒಂದು ಕೃತಕ ಮೊಣಕಾಲಿನಲ್ಲಿ ಕಬ್ಬಿಣದ ಪುಡಿ ಬೆರೆಸಿದ ಎಣ್ಣೆಯಂಥ ದ್ರವ ಇದೆ. ಆಯಸ್ಕಾಂತ ಹತ್ತಿರ ಬಂದರೆ ಕ್ಷಣದಲ್ಲಿ ಗಟ್ಟಿ, ದೂರ ಹೋದರೆ ಮತ್ತೆ ತೆಳು. ಮೊಣಕಾಲು ಎಲ್ಲಿ ಬಿಗಿ ಇರಬೇಕು, ಎಲ್ಲಿ ಸಡಿಲ ಇರಬೇಕು ಅಂತ ಅದರಿಂದ ಹೊಂದಿಸುತ್ತಾರೆ. ಆ ದ್ರವವನ್ನು 1948ರ ಸುಮಾರಿಗೆ ಜೇಕಬ್ ರ‍್ಯಾಬಿನೋ ಕಂಡುಹಿಡಿದದ್ದು ಯಂತ್ರಗಳ ಕ್ಲಚ್ಚಿಗೆ ಅಂತ.

ಆದರೆ ಹರ್ ತಂಡದ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮೋಟಾರು ಅಲ್ಲ, ಶಸ್ತ್ರಚಿಕಿತ್ಸೆ. ನಮ್ಮ ಸ್ನಾಯುಗಳು ಜೋಡಿ ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದು ಕುಗ್ಗಿದರೆ ಎದುರಿನದು ಹಿಗ್ಗುತ್ತದೆ. ಆ ಹಿಗ್ಗು ಕುಗ್ಗಿನ ಸುದ್ದಿಯಿಂದಲೇ, ಕಣ್ಣು ಮುಚ್ಚಿದ್ದರೂ ನಿಮ್ಮ ಪಾದ ಈಗ ಹೇಗಿದೆ ಅಂತ ನಿಮಗೆ ಗೊತ್ತಿರುತ್ತದೆ. ಕಾಲು ಕತ್ತರಿಸುವಾಗ ಈ ಜೋಡಿ ತುಂಡಾಗುತ್ತದೆ. ನೂರಾರು ವರ್ಷ ಹಾಗೇ ಬಿಟ್ಟು ಹೊಲಿಯುತ್ತಿದ್ದರು. ಇವರು ಎರಡು ಸ್ನಾಯುಗಳ ತುದಿಯನ್ನು ಮತ್ತೆ ಒಂದಕ್ಕೊಂದು ಸೇರಿಸಿದರು. 2024ರಲ್ಲಿ ಬಂದ ಫಲಿತಾಂಶ ನೋಡಿ. ಈ ಶಸ್ತ್ರಚಿಕಿತ್ಸೆ ಆದ 7 ಜನ, ಆಗದ 7 ಜನ, ಎಲ್ಲರಿಗೂ ಸ್ನಾಯುವಿನ ಸುದ್ದಿಯಿಂದ ನಡೆಯುವ ರೋಬೋ ಕಾಲು. ಮೊದಲ ಗುಂಪಿನವರ ಗರಿಷ್ಠ ನಡಿಗೆ ವೇಗ 41 ಶೇಕಡಾ ಜಾಸ್ತಿ. ಮೆಟ್ಟಿಲು, ಇಳಿಜಾರು, ದಾರಿಯಲ್ಲಿ ಅಡ್ಡ ಇದ್ದದ್ದನ್ನು ದಾಟುವುದು, ಎಲ್ಲದರಲ್ಲೂ ಅವರೇ ಮುಂದೆ. ಮನುಷ್ಯನಿಗೆ ಪಾದ ಎಲ್ಲಿದೆ ಅನ್ನುವ ಸುದ್ದಿ ಸ್ವಲ್ಪ ವಾಪಸ್ ಸಿಕ್ಕಿದ್ದಕ್ಕೆ ಇಷ್ಟು ವ್ಯತ್ಯಾಸ.

ಸ್ನಾಯುವೂ ಬೇಡ, ನೇರ ಮಿದುಳಿನಿಂದಲೇ ಓದೋಣ ಅನ್ನುವ ಕೆಲಸವೂ ನಡೆದಿದೆ. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಾರ್ಶ್ವವಾಯುವಿನಿಂದ ಸುಮಾರು 15 ವರ್ಷ ಕೈಕಾಲು ಆಡದೆ ಇದ್ದ ಒಬ್ಬ ಹೆಂಗಸು ಮಿದುಳಿಗೆ ಕೂರಿಸಿದ ಪುಟ್ಟ ಸೆನ್ಸರಿನ ಮೂಲಕ ರೋಬೋ ತೋಳನ್ನು ಆಡಿಸಿ, ಬಾಟಲಿ ಎತ್ತಿ, ಸ್ಟ್ರಾದಲ್ಲಿ ಕಾಫಿ ಕುಡಿದರು. ಅದರ ಹಿಂದೆ 1980ರ ದಶಕದಲ್ಲಿ ಅಪಾಸ್ತೊಲೋಸ್ ಜಾರ್ಜೋಪೌಲೋಸ್ ಮಾಡಿದ ಕೆಲಸ ಇದೆ. ಕೋತಿ ಯಾವ ದಿಕ್ಕಿಗೆ ಕೈ ಚಾಚಿದರೆ ಮಿದುಳಿನ ಯಾವ ಕೋಶ ಜಾಸ್ತಿ ಮಿಡಿಯುತ್ತದೆ ಅಂತ ಒಂದೊಂದೇ ಕೋಶವನ್ನು ಎಣಿಸಿ ಬರೆದಿಟ್ಟ ಕೆಲಸ ಅದು.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬೇಕು, ಇರಲೇಬೇಕು. ಇದು ಎಷ್ಟು ಜನಕ್ಕೆ ಸಿಗುತ್ತದೆ? ಇದರ ಮುಂದೆ ನಾನು ತಲೆ ತಗ್ಗಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೇಳಿದ ಪ್ರಕಾರ ಕನ್ನಡಕ, ಶ್ರವಣ ಯಂತ್ರ, ಗಾಲಿಕುರ್ಚಿ, ಕೃತಕ ಅಂಗ ಇಂಥ ಯಾವುದಾದರೂ ಒಂದು ಸಾಧನ ಬೇಕಾದವರು ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು. ಅವರಲ್ಲಿ ತುಂಬ ಜನಕ್ಕೆ ಸಾಧಾರಣ ಸಾಧನವೇ ಸಿಕ್ಕಿಲ್ಲ, ರೋಬೋ ಕೈ ದೂರದ ಮಾತು.

ಸಿಕ್ಕವರೂ ಎಷ್ಟೋ ಸಲ ಅದನ್ನು ಬಿಟ್ಟುಬಿಡುತ್ತಾರೆ. ನನಗೆ ಪರಿಚಯದ ಒಬ್ಬರಿದ್ದಾರೆ. ಅವರಿಗೆ ಬೆರಳು ಬೆರಳಿಗೂ ಮೋಟಾರು ಇರುವ ಒಳ್ಳೆಯ ಕೈ ಇದೆ. ಒಂದು ದಿನ ಹೋದಾಗ ಅದು ಕಪಾಟಿನಲ್ಲಿತ್ತು, ಅವರು ಹಳೆಯ ಕೊಕ್ಕೆ ಹಾಕಿಕೊಂಡು ಗಿಡಕ್ಕೆ ಪಾತಿ ಮಾಡುತ್ತಿದ್ದರು. ಯಾಕೆ ಅಂತ ಕೇಳಿದೆ. ಅವರು ಒಂದೊಂದಾಗಿ ಹೇಳಿದರು. ಭಾರ, ಸಂಜೆ ಹೊತ್ತಿಗೆ ಭುಜ ಬಿದ್ದುಹೋಗುತ್ತದೆ. ಮಣ್ಣು ನೀರಿಗೆ ಹೆದರಬೇಕು. ನಾಲ್ಕು ಜನ ಸುಮ್ಮನೆ ಕೂತಿರುವ ಕಡೆ ಅದರ ಗುರ್ ಅನ್ನುವ ಸದ್ದು ಎಲ್ಲರ ಕಿವಿಗೆ ಬೀಳುತ್ತದೆ. "ಇದು ನನ್ನ ಕೈ ಅಂತ ಅನ್ನಿಸೋದಿಲ್ಲ, ನಾನೇ ಇದನ್ನು ನೋಡಿಕೊಳ್ತಾ ಇದ್ದೀನಿ ಅನ್ನಿಸುತ್ತೆ" ಅಂದರು. ಆ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಅದರಲ್ಲಿ ಮಾಡಬೇಕಾದ ಹತ್ತು ಸಂಶೋಧನೆಗಳ ಪಟ್ಟಿ ಇದೆ.

ಹಾಗಾಗಿ ನನಗೆ ಒಂದು ಗಟ್ಟಿ ಅಭಿಪ್ರಾಯ ಇದೆ, ಇಲ್ಲಿ ಹೇಳಿಬಿಡುತ್ತೇನೆ. ಮಿದುಳಿನಿಂದ ತೋಳು ಆಡಿಸಿದರೆ ಫೋಟೋ ಬರುತ್ತದೆ, ಸಾಕೆಟ್ಟಿನೊಳಗೆ ಬೆವರು ಹೇಗೆ ಒಣಗಿಸುವುದು ಅಂತ ಮೂರು ವರ್ಷ ಕೆಲಸ ಮಾಡಿದವರ ಫೋಟೋ ಬರುವುದಿಲ್ಲ. ಎರಡನೆಯದಕ್ಕೂ ಹಣ ಬೇಕು, ಮರ್ಯಾದೆ ಬೇಕು. 2013ರಲ್ಲಿ ದಕ್ಷಿಣ ಆಫ್ರಿಕದ ಒಬ್ಬ ಬಡಗಿ, ಬೆರಳು ಕಳೆದುಕೊಂಡವನು, ಅಮೆರಿಕದ ಒಬ್ಬ ಕುಶಲಕರ್ಮಿಯ ಜೊತೆ ಸೇರಿ 3ಡಿ ಪ್ರಿಂಟರಿನಲ್ಲಿ ಮಾಡುವ ಸರಳ ಕೈಯ ವಿನ್ಯಾಸವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ. ಅದರಲ್ಲಿ ಮೋಟಾರೂ ಇಲ್ಲ, ಮಣಿಕಟ್ಟು ಬಗ್ಗಿಸಿದರೆ ದಾರ ಎಳೆದು ಬೆರಳು ಮಡಚುತ್ತದೆ. ಅದಕ್ಕೆ ಬಲ ಕಡಿಮೆ, ಭಾರದ ಕೆಲಸಕ್ಕೆ ಆಗುವುದಿಲ್ಲ. ಆದರೆ ಮಕ್ಕಳು ಬೆಳೆಯುತ್ತಾರೆ, ಇವತ್ತಿನ ಅಳತೆ ಮುಂದಿನ ವರ್ಷಕ್ಕಿಲ್ಲ. ಬೆಳೆಯುವ ಮಗುವಿಗೆ ಮತ್ತೆ ಮತ್ತೆ ದೊಡ್ಡದು ಮಾಡಿಕೊಡಬಹುದಾದ ಕೈ ಅದು. ಅದೂ ವಿಜ್ಞಾನದ ಉಪಯೋಗವೇ.

ಇನ್ನೊಂದು ಎಚ್ಚರಿಕೆಯ ಮಾತು. ಕಣ್ಣು ಕಾಣದವರಿಗೆ ರೆಟಿನಾ ಮೇಲೆ ಚಿಪ್ ಕೂರಿಸುವ ಒಂದು ಸಾಧನ ಬಂದಿತ್ತು, 300ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು. ಆಮೇಲೆ ಅದನ್ನು ಮಾಡಿದ ಕಂಪನಿ ಕಷ್ಟಕ್ಕೆ ಸಿಕ್ಕಿ ಅದನ್ನು ನಿಲ್ಲಿಸಿತು. ಕಣ್ಣೊಳಗೆ ಚಿಪ್ ಇದೆ, ಕೆಟ್ಟರೆ ರಿಪೇರಿ ಮಾಡುವವರಿಲ್ಲ. ಮೈಯ ಒಳಗೆ ಹೋಗುವ ವಸ್ತುವಿಗೆ, ಅದು ಇರುವಷ್ಟು ವರ್ಷ ಯಾರು ಜವಾಬ್ದಾರಿ ಅನ್ನುವುದನ್ನು ಮೊದಲೇ ಬರೆದಿಡಬೇಕು. ಇದು ಕಾನೂನಿನವರ ಕೆಲಸ ಅಂತ ಲ್ಯಾಬಿನವರು ಕೈತೊಳೆದುಕೊಳ್ಳಬಾರದು.

ಹಾಗಾದರೆ ಯಾವ ಸಂಶೋಧನೆಗೆ ಹಣ ಕೊಡಬೇಕು, ಕಪ್ಪೆಗೋ ಸಾಕೆಟ್ಟಿಗೋ, ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಎರಡಕ್ಕೂ, ಆದರೆ ಬೇರೆ ಬೇರೆ ಅಳತೆಗೋಲಿನಿಂದ. ಸಾಕೆಟ್ಟಿನ ಕೆಲಸಕ್ಕೆ ಈ ವರ್ಷ ಏನಾಯಿತು, ಎಷ್ಟು ಜನ ದಿನಕ್ಕೆ ಎಷ್ಟು ಗಂಟೆ ಹಾಕಿಕೊಂಡರು ಅಂತ ಕೇಳಬಹುದು, ಕೇಳಬೇಕು. ಕಪ್ಪೆಯ ಕೆಲಸ ಮಾಡುವವನಿಗೆ ಆ ಪ್ರಶ್ನೆ ಹಾಕಿದರೆ ಆತ ಸುಳ್ಳು ಹೇಳಬೇಕಾಗುತ್ತದೆ. ಅವನನ್ನು ಕೇಳಬೇಕಾದ್ದು, ಎಚ್ಚರವಾಗಿ ನೋಡಿದೆಯಾ, ಸರಿಯಾಗಿ ಬರೆದಿಟ್ಟೆಯಾ, ಇನ್ನೊಬ್ಬರು ಮಾಡಿದರೂ ಹಾಗೇ ಬರುತ್ತಾ ಅಂತ. ಅಂಥ ಕೆಲಸಗಳಲ್ಲಿ ಬಹಳಷ್ಟು ಎಲ್ಲಿಗೂ ಮುಟ್ಟುವುದಿಲ್ಲ, ಅದೂ ನಿಜ. ಬ್ರೋನೆಮಾರ್ಕ್‌ನ ಕಾಲದಲ್ಲಿ ಎಲುಬಿನ ಬಗ್ಗೆ ಕೆಲಸ ಮಾಡಿದ ಎಷ್ಟೋ ಜನರ ಹೆಸರು ನಮಗೆ ಗೊತ್ತಿಲ್ಲ. ಯಾರ ಕಿಟಕಿ ಎಲುಬಿಗೆ ಅಂಟುತ್ತದೆ ಅಂತ ಮೊದಲೇ ತಿಳಿಯುವ ದಾರಿ ಇದ್ದಿದ್ದರೆ ಅವನಿಗೊಬ್ಬನಿಗೇ ಹಣ ಕೊಡಬಹುದಿತ್ತು.

ಕೊನೆಯಲ್ಲಿ ಒಂದು ಇತ್ತೀಚಿನ ಕೆಲಸ ಹೇಳಿ ಕೂರುತ್ತೇನೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸಿಲ್ವೆಸ್ತ್ರೋ ಮಿಚೆರಾ ಮತ್ತು ಸುಲೈಮಾನ್ ಶೋಕುರ್ ಅವರ ತಂಡ ಕೈ ಕಳೆದುಕೊಂಡವರ ಉಳಿದ ತೋಳಿನ ಚರ್ಮದ ಮೇಲೆ ಬೇರೆ ಬೇರೆ ಜಾಗದಲ್ಲಿ ಸ್ವಲ್ಪ ಬಿಸಿ, ಸ್ವಲ್ಪ ತಂಪು ಇಟ್ಟು ನೋಡಿತು. 27 ಜನರಲ್ಲಿ 17 ಜನ, ಕಳೆದುಕೊಂಡ ಕೈಯಲ್ಲೇ ಆ ಬಿಸಿ, ತಂಪು ಆಗುತ್ತಿದೆ ಅಂದರು. ಒಬ್ಬೊಬ್ಬರಿಗೂ ಆ ಜಾಗ ಬೇರೆ. ಇದು 2023ರಲ್ಲಿ. ಮುಂದಿನ ವರ್ಷ ಅವರು ಕೃತಕ ಬೆರಳ ತುದಿಗೆ ಒಂದು ಸೆನ್ಸರ್ ಇಟ್ಟು, ತೋಳಿನ ಆ ಜಾಗಕ್ಕೆ ಅದೇ ಬಿಸಿ ಮುಟ್ಟಿಸುವ ಸಣ್ಣ ಸಾಧನವನ್ನು ಒಬ್ಬರ ಕೃತಕ ಕೈಗೆ ಜೋಡಿಸಿದರು. ಶಸ್ತ್ರಚಿಕಿತ್ಸೆ ಏನೂ ಬೇಕಾಗಲಿಲ್ಲ. ನೋಡಲು ಒಂದೇ ಥರ ಇರುವ ಬಾಟಲಿಗಳಲ್ಲಿ ಯಾವುದು ತಣ್ಣಗೆ, ಯಾವುದು ಬಿಸಿ ಅಂತ ಅವರು ಹೇಳಿದರು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ, ಒಮ್ಮೆ ಕೃತಕ ತೋಳು, ಒಮ್ಮೆ ಮನುಷ್ಯರ ತೋಳು ಮುಂದಿಟ್ಟರು. ಯಾವುದು ಮನುಷ್ಯರದ್ದು ಅಂತ ಹೆಚ್ಚಿನ ಸಲ ಸರಿಯಾಗಿ ಗುರುತಿಸಿದರು, ಅದು ಬೆಚ್ಚಗಿತ್ತು.